ಮಳೆನೀರಿನ ಹೊಸ ದೋಣಿ ಕಟ್ಟುವ ಮೊದಲು ಕೊಳೆತ ಸೂರುಹಲಗೆಯನ್ನು ಸರಿಪಡಿಸುವುದು ಹೇಗೆ: ಕೊಡಗಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆ ಹಿಡಿದ ವಾರದೊಳಗೆ ಹೊಸ ದೋಣಿಗಳು, ಅಂದರೆ ಸೂರಿನ ಅಂಚಿನಲ್ಲಿ ಮಳೆನೀರು ಹಿಡಿಯುವ ಕಾಲುವೆಗಳು, ಕಳಚಿ ಅಂಗಳಕ್ಕೆ ಬೀಳುವುದನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಮನೆಯವರು ದೋಣಿಯನ್ನೋ ಅದನ್ನು ಕಟ್ಟಿದವರನ್ನೋ ದೂರುತ್ತಾರೆ. ಬಿದ್ದ ದೋಣಿಯ ಕೊಕ್ಕೆಗಳನ್ನು ಎತ್ತಿ ನೋಡಿದರೆ ಸ್ಕ್ರೂಗಳು ಮುರಿದಿರುವುದಿಲ್ಲ, ಬಾಗಿರುವುದೂ ಇಲ್ಲ. ಅವುಗಳ ಸುತ್ತುಗಳಲ್ಲಿ ಕಾಫಿ ಚರಟದಂಥ ಕಂದು ಪುಡಿ ಒದ್ದೆಯಾಗಿ ಮೆತ್ತಿಕೊಂಡಿರುತ್ತದೆ. ಅದು ಸೂರುಹಲಗೆಯ ಮರ. ದೋಣಿ ಬೀಳುವ ಎಷ್ಟೋ ಮೊದಲೇ ಅದನ್ನು ಹಿಡಿದುಕೊಳ್ಳಬೇಕಾದ ಹಲಗೆ ಸತ್ತಿತ್ತು.

ಸೂರುಹಲಗೆ ಎಂದರೆ ಪಕ್ಕಾಸುಗಳ (ಮಾಡನ್ನು, ಅಂದರೆ ಛಾವಣಿಯನ್ನು, ಹೊರುವ ಓರೆ ಮರಗಳು) ತುದಿಗೆ ಅಡ್ಡಲಾಗಿ ಹೊಡೆದ ಉದ್ದ ಹಲಗೆ. ಆಚಾರಿಗಳು ಈಗ ಇದನ್ನು ಫೇಶಿಯಾ ಎಂದೇ ಕರೆಯುತ್ತಾರೆ. ಇದರ ಮೇಲೆ ಬೀಳುವ ಭಾರವನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಆರು ಇಂಚು ಬಾಯಿಯ ಅರೆಗೊಳವೆ ದೋಣಿ ತುಂಬಿದಾಗ ಹತ್ತು ಅಡಿ ಉದ್ದದಲ್ಲಿ ಸುಮಾರು 27 ಲೀಟರ್ ನೀರು ನಿಲ್ಲುತ್ತದೆ, ಅಂದರೆ 27 ಕಿಲೋ. ಮೂವತ್ತು ಅಡಿಯ ಸೂರಿಗೆ ಅದು 80 ಕಿಲೋ ದಾಟುತ್ತದೆ. ಎಲೆ ಮತ್ತು ಕೆಸರಿನ ತೂಕ ಬೇರೆ, ಗಾಳಿಯ ಎಳೆತ ಬೇರೆ. ಈ ಭಾರವನ್ನು ಮೆತ್ತಗಾದ ಹಲಗೆ ತಾಳುವುದಿಲ್ಲ. ಕೆಲಸ ಕೆಡುವುದು ಬಹುತೇಕ ಕೌಶಲದ ಕೊರತೆಯಿಂದಲ್ಲ, ಹಂತಗಳನ್ನು ಹಿಂದುಮುಂದು ಮಾಡುವುದರಿಂದ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕೆಂದು ಒತ್ತಿ ಹೇಳುತ್ತೇನೆ.

ಕೆಲಸಕ್ಕೆ ತಕ್ಕ ಕಾಲ

ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುತ್ತದೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಕುಶಾಲನಗರದ ಬಯಲಿಗೆ ಬಂದರೆ ಅದರ ಅರ್ಧವೂ ಇಲ್ಲ. ಎಲ್ಲೇ ಇದ್ದರೂ ಮರ ಒಣಗಿರುವ ಕಾಲ ಒಂದೇ: ಜನವರಿಯಿಂದ ಮೇ ನಡುವಿನವರೆಗೆ. ಇದರಲ್ಲಿ ಮೊದಲ ಭಾಗ ಕಾಫಿ ಕೊಯ್ಲಿನದ್ದಾದ್ದರಿಂದ ಆಳುಗಳು ಸಿಗುವುದಿಲ್ಲ. ರೋಬಸ್ಟಾ ಕೊಯ್ಲು ಮುಗಿದ ಮೇಲೆ, ಅಂದರೆ ಮಾರ್ಚ್ ಹೊತ್ತಿಗೆ ಶುರು ಮಾಡಿದರೆ ಏಪ್ರಿಲ್ ಕೊನೆಯೊಳಗೆ ಮುಗಿಸಬಹುದು. ನಡುವೆ ಕಾಫಿ ಹೂ ಅರಳಿಸುವ ಹೂಮಳೆ ಬಂದೇ ಬರುತ್ತದೆ. ಬಿಚ್ಚಿದ ಸೂರನ್ನು ಮುಚ್ಚಲು ಟಾರ್ಪಾಲನ್ನು ಮೊದಲ ದಿನವೇ ತಂದಿಟ್ಟುಕೊಳ್ಳಬೇಕು. ಮಳೆಗಾಲ ಹತ್ತಿರವಾಯಿತೆಂದು ಮೇ ಕೊನೆಯ ವಾರದಲ್ಲಿ ಅವಸರದಿಂದ ಮಾಡಿದ ಕೆಲಸ ಒಳಗೆ ತೇವವನ್ನು ಕೂಡಿಟ್ಟು ಮೇಲೆ ಬಣ್ಣ ಬಳಿದಂತಾಗುತ್ತದೆ. ಅಂಥ ಸಂದರ್ಭದಲ್ಲಿ ಆ ವರ್ಷ ದೋಣಿಯಿಲ್ಲದೆ ಕಳೆಯುವುದೇ ಮೇಲು.

ಬೇಕಾದ ಸಲಕರಣೆಗಳು

ಮರವನ್ನು ಪರೀಕ್ಷಿಸಲು ಚೂಪಾದ ಸ್ಕ್ರೂಡ್ರೈವರ್, ಬಿಚ್ಚಲು ಮೊಳೆ ಕೀಳುವ ಕಬ್ಬಿಣ, ಕೊಯ್ಯಲು ಗರಗಸ, ಕೆತ್ತಲು ಉಳಿ, ನಯ ಮಾಡಲು ಕೀಸುಳಿ ಮತ್ತು ಉಪ್ಪುಕಾಗದ ಬೇಕು. ಮಟ್ಟ ನೋಡಲು ನೀರು ತುಂಬಿದ ಲೆವೆಲ್ ಪೈಪು, ನೇರ ನೋಡಲು ದಾರ, ಗುರುತು ಹಾಕಲು ಸೀಮೆಸುಣ್ಣ ಇರಲಿ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವೇ ಆಗಬೇಕು. ನಮ್ಮ ತೇವದಲ್ಲಿ ಸಾದಾ ಕಬ್ಬಿಣದ ಮೊಳೆ ಕೆಲವೇ ಮಳೆಗಾಲಗಳಲ್ಲಿ ತುಕ್ಕು ಹಿಡಿದು, ಆ ತುಕ್ಕಿನ ಸುತ್ತಲೇ ಮರವೂ ಕೆಡುತ್ತದೆ.

ಮರದ ತೇವಾಂಶ ಮಾಪಕ ಇದ್ದರೆ ಒಳ್ಳೆಯದು. ಮನೆಯಲ್ಲಿ ಕಾಫಿ ಬೀಜಕ್ಕೆ ಬಳಸುವ ಮಾಪಕವನ್ನು ಇದಕ್ಕೆ ಬಳಸಲಾಗದು, ಏಕೆಂದರೆ ಅದರ ಅಳತೆ ಬೀಜಕ್ಕಾಗಿ ಹೊಂದಿಸಿದ್ದು.

ಒಂಟಿ ಏಣಿಯ ಮೇಲೆ ನಿಂತು ಈ ಕೆಲಸ ಮಾಡಬಾರದು. ಹತ್ತು ಅಡಿ ಉದ್ದದ ಹಲಗೆಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಸ್ಕ್ರೂ ತಿರುಗಿಸಲು ಹೋದಾಗಲೇ ಬೀಳುವುದು. ಸೂರಿನ ಉದ್ದಕ್ಕೂ ಸಾರುವೆ ಕಟ್ಟಿಸಿಕೊಳ್ಳಿ. ಅಂಗಳ ಇಳಿಜಾರಾಗಿದ್ದರೆ, ಕೊಡಗಿನಲ್ಲಿ ಹಾಗಿರುವುದೇ ಹೆಚ್ಚು, ಕಂಬದ ಬುಡಕ್ಕೆ ಕಲ್ಲು ಜೋಡಿಸದೆ ಮಣ್ಣು ಕಡಿದು ಸಮತಟ್ಟು ಮಾಡಿ ನಿಲ್ಲಿಸಬೇಕು.

ಇನ್ನೆರಡು ವಿಷಯಗಳನ್ನು ಮೊದಲೇ ನೋಡಿಕೊಳ್ಳಿ. ಕಂಬದಿಂದ ಬರುವ ವಿದ್ಯುತ್ ತಂತಿಯನ್ನು ಅನೇಕ ಮನೆಗಳಲ್ಲಿ ಸೂರಿನ ಹಲಗೆಗೇ ಬಿಗಿದಿರುತ್ತಾರೆ. ವಿದ್ಯುತ್ ಕಂಪನಿಯಾದ ಸೆಸ್ಕ್‌ನ ಸಿಬ್ಬಂದಿಯಿಂದ ಅದನ್ನು ಬಿಡಿಸದೆ ಆ ಭಾಗವನ್ನು ಮುಟ್ಟಬಾರದು. ಸೂರಿನ ಒಳಮಗ್ಗುಲಲ್ಲಿ ಕಡಜದ ಗೂಡು ಇದೆಯೇ ಎಂದು ಬೆಳಗಿನ ಬೆಳಕಿನಲ್ಲಿ ದೂರದಿಂದಲೇ ಗಮನಿಸಬೇಕು. ಸಾರುವೆಯ ಮೇಲೆ ನಿಂತವನಿಗೆ ಓಡಿಹೋಗಲು ಜಾಗವಿರುವುದಿಲ್ಲ.

ಹಂತ 1: ನೀರು ಬರುವ ದಾರಿಯನ್ನು ಪತ್ತೆ ಮಾಡುವುದು

ಹಲಗೆ ಬಿಚ್ಚುವ ಮೊದಲು ಅದು ಏಕೆ ಕೊಳೆಯಿತು ಎಂಬುದಕ್ಕೆ ಉತ್ತರ ಸಿಗಬೇಕು. ಮರವನ್ನು ಕೊಳೆಸುವುದು ಶಿಲೀಂಧ್ರ. ಮರದ ತೇವಾಂಶ ಶೇಕಡಾ 20ರ ಕೆಳಗಿದ್ದರೆ ಅದು ಬೆಳೆಯಲಾರದು. ಮಳೆಯಲ್ಲಿ ನೆನೆದು ಬೇಗ ಒಣಗುವ ಹಲಗೆ ಹಲವು ದಶಕ ಬಾಳುತ್ತದೆ. ನೆನೆದದ್ದು ಒಣಗದಂತೆ ನೀರನ್ನು ಹಿಡಿದಿಡುವ ಜಾಗ ಎಲ್ಲಿದೆ ಎಂಬುದನ್ನೇ ನಾವು ಹುಡುಕಬೇಕಾದದ್ದು.

ಮಳೆ ನೈಋತ್ಯದಿಂದ ಓರೆಯಾಗಿ ಹೊಡೆಯುವುದರಿಂದ ಪಶ್ಚಿಮ ಮತ್ತು ದಕ್ಷಿಣದ ಸೂರುಗಳನ್ನು ಮೊದಲು ನೋಡಿ. ಕೊನೆಯ ಸಾಲಿನ ಹೆಂಚು ಬಿರುಕು ಬಿಟ್ಟಿದೆಯೇ, ಹೆಂಚಿನ ತುದಿ ಹಲಗೆಯಿಂದ ಸಾಕಷ್ಟು ಮುಂದೆ ಚಾಚಿದೆಯೇ, ಎರಡು ಮಾಡುಗಳು ಕೂಡುವ ಮೂಲೆಯ ತಗಡು ತೂತಾಗಿದೆಯೇ, ಹಳೆಯ ದೋಣಿಯ ಹಿಂದಿನ ಅಂಚಿನಿಂದ ನೀರು ಹಿಮ್ಮುಖವಾಗಿ ಹರಿದ ಕಪ್ಪು ಗೆರೆ ಇದೆಯೇ ಎಂದು ಒಂದೊಂದಾಗಿ ಗಮನಿಸಿ. ಮನೆಯ ಪಕ್ಕದಲ್ಲಿ ಸಿಲ್ವರ್ (ಸಿಲ್ವರ್ ಓಕ್) ಮರಗಳಿದ್ದರೆ ಅವುಗಳ ಎಲೆ ದೋಣಿಯಲ್ಲಿ ಚಾಪೆಯಂತೆ ಹೆಣೆದುಕೊಂಡು ನೀರನ್ನು ತಡೆಯುತ್ತದೆ. ತಡೆದ ನೀರು ಹಿಂದಕ್ಕೆ ಉಕ್ಕಿ ಹಲಗೆಯನ್ನೇ ತೋಯಿಸುತ್ತದೆ. ಕಾರಣ ಹಾಗೆಯೇ ಉಳಿದರೆ ಹೊಸ ಹಲಗೆಯೂ ಅದೇ ಜಾಗದಲ್ಲಿ ಕೊಳೆಯುತ್ತದೆ.

ಹಂತ 2: ಕೊಳೆತ ಎಷ್ಟು ಎಂದು ಗುರುತಿಸುವುದು

ಕಣ್ಣನ್ನು ನಂಬಬೇಡಿ. ನಮ್ಮ ಮನೆಯ ನೈಋತ್ಯ ಮೂಲೆಯ ಹಲಗೆಗೆ ಹಿಂದಿನ ವರ್ಷವಷ್ಟೇ ಎನಾಮೆಲ್ ಬಳಿಸಿದ್ದೆವು. ಕೆಳಗೆ ನಿಂತು ನೋಡಿದರೆ ಒಂದು ಕಲೆಯೂ ಇರಲಿಲ್ಲ. ದೋಣಿಯ ಕೊಕ್ಕೆಯ ಪಕ್ಕದಲ್ಲಿ ಬಣ್ಣ ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಉಬ್ಬಿತ್ತು ಅಷ್ಟೆ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿದಾಗ ಬಣ್ಣದ ಪೊರೆ ಹರಿದು, ಉಕ್ಕು ಯಾವ ತಡೆಯೂ ಇಲ್ಲದೆ ಹಿಡಿಯವರೆಗೆ ಒಳಗೆ ಹೋಯಿತು. ಹೊರಗೆಳೆದಾಗ ತೂತಿನಿಂದ ಅಣಬೆಯ ವಾಸನೆಯ ನೀರು ಜಿನುಗಿತು. ಮಾರ್ಚ್ ತಿಂಗಳ ಬಿಸಿಲಲ್ಲೂ ಆ ಮರ ಒಣಗಿರಲಿಲ್ಲ. ಮೇಲಿನ ಬಣ್ಣವೇ ನೀರನ್ನು ಹೊರಹೋಗಲು ಬಿಡದೆ ಹಿಡಿದಿತ್ತು.

ಆದ್ದರಿಂದ ಹಲಗೆಯ ಉದ್ದಕ್ಕೂ ಪ್ರತಿ ಅರ್ಧ ಅಡಿಗೊಮ್ಮೆ ಚುಚ್ಚಿ ನೋಡಬೇಕು. ಕೆಳ ಅಂಚು, ಎರಡು ಹಲಗೆಗಳ ಜೋಡಣೆ, ಕೊಯ್ದ ತುದಿಗಳು, ಮೊಳೆ ಹೊಡೆದ ಜಾಗಗಳು, ಇವೇ ಮೊದಲು ಕೆಡುವ ಸ್ಥಳಗಳು. ಒಳ್ಳೆಯ ಮರ ಚುಚ್ಚಿದರೆ ಉದ್ದನೆಯ ಸಿಬಿರಾಗಿ ಏಳುತ್ತದೆ. ಕೊಳೆತದ್ದು ಚಿಕ್ಕ ಚೂರುಗಳಾಗಿ ಮುರಿಯುತ್ತದೆ. ಸುತ್ತಿಗೆಯ ಹಿಡಿಯಿಂದ ಬಡಿದರೆ ಗಟ್ಟಿ ಮರ ಟಣ್ ಎನ್ನುತ್ತದೆ, ಕೆಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಮರ ಚೌಕಚೌಕವಾಗಿ ಬಿರಿದು ಕಂದಾಗಿದ್ದರೆ ಶಿಲೀಂಧ್ರದ ಕೆಲಸ. ಮಣ್ಣಿನ ಸಣ್ಣ ಕೊಳವೆಗಳು ಕಂಡರೆ, ಒಳಗೆ ಪದರಪದರವಾಗಿ ಟೊಳ್ಳಾಗಿದ್ದರೆ ಗೆದ್ದಲು. ಗೆದ್ದಲಾಗಿದ್ದರೆ ಅದು ನೆಲದಿಂದ ಗೋಡೆ ಹತ್ತಿ ಬಂದ ದಾರಿಯನ್ನು ಹುಡುಕಿ ಮದ್ದು ಹಾಕಿಸಿದ ಮೇಲೆಯೇ ಮುಂದಿನ ಕೆಲಸ.

ಕೆಟ್ಟ ಭಾಗದ ಎರಡೂ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದು, ಅಲ್ಲಿಂದ ಒಂದು ಅಡಿ ಆಚೆಗೆ ಇನ್ನೊಂದು ಗೆರೆ ಎಳೆಯಿರಿ. ಕೊಯ್ಯಬೇಕಾದದ್ದು ಎರಡನೆಯ ಗೆರೆಯಲ್ಲಿ, ಅಲ್ಲಿ ಪಕ್ಕಾಸು ಇಲ್ಲದಿದ್ದರೆ ಅದರಾಚೆಯ ಪಕ್ಕಾಸಿನ ನಡುಮಧ್ಯದಲ್ಲಿ. ಶಿಲೀಂಧ್ರದ ಎಳೆಗಳು ಕಣ್ಣಿಗೆ ಕಾಣುವ ಕೊಳೆತಕ್ಕಿಂತ ಮುಂದೆ ಹೋಗಿರುತ್ತವೆ.

ಹೆಬ್ಬೆರಳಗಲದ, ಅರ್ಧ ಇಂಚಿಗಿಂತ ಆಳವಿಲ್ಲದ ಹೊಂಡವನ್ನು ಪೂರ್ತಿ ಕೆತ್ತಿ ಒಣಗಿಸಿ ಎಪಾಕ್ಸಿ ಪುಟ್ಟಿಯಿಂದ ತುಂಬಬಹುದು, ಆದರೆ ದೋಣಿಯ ಕೊಕ್ಕೆ ಬರುವ ಜಾಗದಲ್ಲಿ ಅಲ್ಲ. ಅದಕ್ಕಿಂತ ದೊಡ್ಡದಾದರೆ ಹಲಗೆಯನ್ನೇ ಬದಲಿಸಬೇಕು. ಒದ್ದೆ ಮರಕ್ಕೆ ಪುಟ್ಟಿ ತುಂಬಿ ಬಣ್ಣ ಹೊಡೆಯುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು. ಪುಟ್ಟಿ ಗಟ್ಟಿಯಾಗಿಯೇ ಇರುತ್ತದೆ, ಸುತ್ತಲಿನ ಮರ ಕರಗಿ ಅದು ಬಿಲ್ಲೆಯಂತೆ ಉದುರುತ್ತದೆ.

ಹಂತ 3: ಬಿಚ್ಚುವುದು

ಮೊದಲು ಹಳೆಯ ದೋಣಿ, ಆಮೇಲೆ ಕೊನೆಯ ಎರಡು ಸಾಲು ಹೆಂಚು, ಕೊನೆಗೆ ಹಲಗೆ. ಹೆಂಚುಗಳ ಒಳಮೈಗೆ ಸಾಲಿನ ಕ್ರಮದಲ್ಲಿ ಅಂಕಿ ಬರೆದಿಟ್ಟರೆ ಮತ್ತೆ ಜೋಡಿಸುವಾಗ ಹೆಂಚಿನ ಅಂಚಿನ ಗಾಡಿಗಳು (ತೋಡುಗಳು) ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ಪಾಚಿ ಹಿಡಿದ ಹೆಂಚಿನ ಮೇಲೆ ಕಾಲಿಡಬೇಡಿ. ವರಾಂಡಕ್ಕೆ ಕಲ್ನಾರು ಶೀಟು ಹೊದಿಸಿದ್ದರೆ ಅದನ್ನು ಕೊಯ್ಯುವುದಾಗಲಿ ಕೊರೆಯುವುದಾಗಲಿ ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ.

ಹಳೆಯ ಬಣ್ಣದ ವಿಷಯದಲ್ಲೂ ಎಚ್ಚರ ಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸವಿದೆ ಎಂದೇ ಭಾವಿಸಿ, ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಧರಿಸಿ, ಮಕ್ಕಳನ್ನು ದೂರವಿಡಿ. ಬಿಚ್ಚಿದ ಬಣ್ಣದ ಹಲಗೆಯನ್ನು ನೀರೊಲೆಗೆ ಹಾಕಬಾರದು.

ಹಲಗೆಯನ್ನು ಕೀಳುವಾಗ ಮೊಳೆಗಳಿರುವ ಜಾಗದಲ್ಲಿಯೇ ಕಬ್ಬಿಣ ಹಾಕಿ ನಿಧಾನವಾಗಿ ಎಬ್ಬಿಸಿ. ನಡುವೆ ಹಾಕಿ ಮೀಟಿದರೆ ಪಕ್ಕಾಸಿನ ತುದಿ ಸೀಳಿಹೋಗುತ್ತದೆ. ಹಳೆಯ ಹಲಗೆಯ ಒಂದು ತುಂಡನ್ನು ಅಳತೆಗಾಗಿ ಎತ್ತಿಡಿ.

ಹಂತ 4: ಪಕ್ಕಾಸಿನ ತುದಿಗಳನ್ನು ಸರಿಪಡಿಸುವುದು

ಇಡೀ ಕೆಲಸದ ಬೆನ್ನೆಲುಬು ಈ ಹಂತ. ಹೆಚ್ಚಿನವರು ದಾಟಿ ಹೋಗುವುದೂ ಇದನ್ನೇ. ಹಲಗೆ ಬಿಚ್ಚಿದಾಗ ಪಕ್ಕಾಸುಗಳ ಕೊಯ್ದ ತುದಿ ಮೊದಲ ಬಾರಿಗೆ ಬೆಳಕಿಗೆ ಬರುತ್ತದೆ. ಮರದ ನಾರಿನ ಬಾಯಿಗಳೆಲ್ಲ ಆ ತುದಿಯಲ್ಲಿ ತೆರೆದಿರುವುದರಿಂದ ನೀರನ್ನು ಮರ ಅಲ್ಲಿಂದಲೇ ಹೀರುತ್ತದೆ. ಪ್ರತಿಯೊಂದು ತುದಿಯನ್ನೂ ಚುಚ್ಚಿ ನೋಡಿ.

ಒಂದು ಇಂಚಿನ ಒಳಗೆ ಮೆತ್ತಗಾಗಿದ್ದರೆ ಅಷ್ಟನ್ನು ಕೊಯ್ದು ಗಟ್ಟಿ ಮರದ ತುಂಡೊಂದನ್ನು ಕೂಡಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಕೆಟ್ಟ ಭಾಗವನ್ನು ಕೊಯ್ದು ತೆಗೆದು, ಅದೇ ಅಗಲದ ಹೊಸ ಪಕ್ಕಾಸಿನ ತುಂಡನ್ನು ಪಕ್ಕಕ್ಕೆ ಜೋಡಿಸಬೇಕು. ಹೊರಗೆ ಚಾಚುವ ಉದ್ದದ ಎರಡರಷ್ಟಾದರೂ ಒಳಗೆ ಹೋಗಿ ಹಳೆಯ ಗಟ್ಟಿ ಮರವನ್ನು ಅಪ್ಪಿಕೊಂಡಿರಬೇಕು: ಒಂದು ಅಡಿ ಹೊರಗಿದ್ದರೆ ಎರಡು ಅಡಿ ಒಳಗೆ. ಮೊಳೆ ಸಾಲದು, 10 ಮಿ.ಮೀ. ದಪ್ಪದ ಬೋಲ್ಟುಗಳನ್ನು ಅಗಲ ವಾಷರ್ ಹಾಕಿ ಬಿಗಿಯಿರಿ. ಕೊಳೆತವು ಗೋಡೆಯ ಮೇಲಿನ ತೊಲೆಯವರೆಗೂ ಹೋಗಿದ್ದರೆ ಅಲ್ಲಿಗೆ ನಿಲ್ಲಿಸಿ, ಅನುಭವಿ ಆಚಾರಿಯನ್ನು ಕರೆಸಿ, ಮಾಡಿಗೆ ಊರೆ (ಕೆಳಗಿನಿಂದ ಆನಿಸುವ ಆಧಾರಕಂಬ) ಕೊಟ್ಟ ಮೇಲೆಯೇ ಮುಂದುವರಿಯಬೇಕು. ಊರೆಯಿಲ್ಲದೆ ತೊಲೆ ಮುಟ್ಟಿದರೆ ಹೆಂಚಿನ ಭಾರ ಕೆಳಗೆ ಬರುತ್ತದೆ.

ತುದಿಗಳೆಲ್ಲ ಸರಿಯಾದ ಮೇಲೆ ಮೊದಲ ಪಕ್ಕಾಸಿನಿಂದ ಕೊನೆಯದಕ್ಕೆ ದಾರ ಎಳೆದು ಹಿಡಿಯಿರಿ. ದಾರಕ್ಕಿಂತ ಮುಂದೆ ಬಂದದ್ದನ್ನು ಕೊಯ್ಯಿರಿ, ಹಿಂದೆ ಉಳಿದದ್ದಕ್ಕೆ ಚಕ್ಕೆ ಕೊಡಿ. ಇಲ್ಲಿ ಅಂಕುಡೊಂಕು ಉಳಿದರೆ ಹಲಗೆಯೂ ಅಂಕುಡೊಂಕಾಗಿ, ದೋಣಿಯಲ್ಲಿ ನೀರು ನಿಲ್ಲುತ್ತದೆ.

ಬಿಚ್ಚಿದ ಸೂರನ್ನು ನಾಲ್ಕೈದು ದಿನ ಗಾಳಿಯಾಡಲು ಬಿಡಿ. ಮಾಪಕ ಶೇಕಡಾ 18ಕ್ಕಿಂತ ಕೆಳಗೆ ತೋರಿಸಿದರೆ ಮುಂದುವರಿಯಬಹುದು. ಮಾಪಕವಿಲ್ಲದವರು ಪಕ್ಕಾಸಿನಿಂದ ಕೊಯ್ದ ಗಟ್ಟಿ ಭಾಗದ ತುಂಡೊಂದನ್ನು ಸೂರಿನಡಿಯ ನೆರಳಲ್ಲಿಟ್ಟು ದಿನವೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಲಿ; ತೂಕ ಮೂರು ದಿನ ಇಳಿಯದೆ ನಿಂತರೆ ಒಣಗಿದೆ ಎಂದು ತಿಳಿಯಬಹುದು.

ಹಂತ 5: ಹೊಸ ಹಲಗೆಯ ಆಯ್ಕೆ ಮತ್ತು ಲೇಪನ

ತೋಟದಲ್ಲಿಯೇ ಸಿಗುತ್ತದೆಂದು ಸಿಲ್ವರ್ ಹಲಗೆಯನ್ನು ಸೂರಿಗೆ ಹೊಡೆಯುವವರು ಬಹಳ. ಒಳಮನೆಯ ಕೆಲಸಕ್ಕೆ ಅದು ಸರಿ. ಮಳೆಗೆ ಮೈಯೊಡ್ಡಿ ನಿಲ್ಲುವ ಜಾಗಕ್ಕೆ ಅಲ್ಲ. ತೇಗ, ಹೊನ್ನೆ, ಹಲಸು ಇವುಗಳ ಚೇಗು, ಅಂದರೆ ಒಳಗಿನ ಗಟ್ಟಿ ತಿರುಳು, ಬಾಳಿಕೆ ಬರುತ್ತದೆ. ಚೇಗು ಎಂಬ ಮಾತನ್ನು ಗಮನಿಸಿ: ತೇಗವಾದರೂ ಅಂಚಿನ ಬಿಳಿಭಾಗ ಬೇಗ ಕೊಳೆಯುತ್ತದೆ. ಡಿಪೋದಲ್ಲಿ ಹಲಗೆ ಆರಿಸುವಾಗ ಅಡ್ಡಕೊಯ್ತದ ತುದಿ ನೋಡಿ, ಬಣ್ಣ ಒಂದೇ ಸಮನಾಗಿರುವುದನ್ನೇ ತೆಗೆದುಕೊಳ್ಳಿ. ಸ್ವಂತ ಜಾಗದ ಕಾಡುಮರ ಕಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು.

ಹಲಗೆ ಕೀಸಿದ ಮೇಲೆ ಒಂದು ಇಂಚು ದಪ್ಪ ಉಳಿಯಲಿ. ಅಳತೆಗೆ ಕೊಯ್ದು ಮುಗಿಸಿದ ನಂತರ, ಕೂರಿಸುವ ಮೊದಲು, ನೆಲದ ಮೇಲೆಯೇ ಲೇಪನ ಮುಗಿಸಬೇಕು. ಬೋರಿಕ್ ಆಸಿಡ್ ಮತ್ತು ಬೋರಾಕ್ಸ್ ದ್ರಾವಣವನ್ನು ಎಲ್ಲ ಮೈಗೂ ಬಳಿದು ಒಣಗಿಸಿ. ಮಳೆಗೆ ಅದು ತೊಳೆದುಹೋಗುವುದರಿಂದ ಮೇಲೆ ಬಣ್ಣ ಬೇಕೇ ಬೇಕು. ಆಮೇಲೆ ವುಡ್ ಪ್ರೈಮರ್ ಮುಂದೆ, ಹಿಂದೆ, ಮೇಲಂಚು, ಕೆಳಂಚು ಮತ್ತು ಎರಡೂ ತುದಿಗಳಿಗೆ. ತುದಿಗಳಿಗೆ ಎರಡು ಮೂರು ಸಲ, ಮರ ಕುಡಿಯುವುದು ನಿಲ್ಲುವವರೆಗೆ ಬಳಿಯಿರಿ. ಮುಂಭಾಗಕ್ಕೆ ಮಾತ್ರ ಬಣ್ಣ ಹೊಡೆದ ಹಲಗೆ ಹಿಂದಿನಿಂದ ತೇವ ಹೀರಿ ಮುಂದಕ್ಕೆ ಬಾಗುತ್ತದೆ.

ಹಳೆಯ ಎಂಜಿನ್ ಆಯಿಲ್ ಬಳಿಯುವ ರೂಢಿಯನ್ನು ದಯವಿಟ್ಟು ಬಿಡಿ. ಅದರ ಮೇಲೆ ಪ್ರೈಮರ್ ಹಿಡಿಯುವುದಿಲ್ಲ, ದೋಣಿಯ ನೀರನ್ನು ಟ್ಯಾಂಕಿಗೆ ಬಿಡುವ ಮನೆಗಳಲ್ಲಿ ಅದು ಕುಡಿಯುವ ನೀರಿಗೂ ಸೇರುತ್ತದೆ.

ಬಣ್ಣದ ಕೆಲಸವನ್ನು ಬೆಳಗ್ಗೆ ಹತ್ತರ ನಂತರ, ಮಂಜು ಆರಿದ ಮೇಲೆ ಆರಂಭಿಸಿ ಸಂಜೆ ನಾಲ್ಕರೊಳಗೆ ನಿಲ್ಲಿಸಿ. ಇಬ್ಬನಿ ಬಿದ್ದ ಬಣ್ಣ ಮಂಕಾಗಿ, ಮುಂದೆ ಸಿಪ್ಪೆಯಂತೆ ಏಳುತ್ತದೆ.

ಹಂತ 6: ಹಲಗೆಯನ್ನು ಕೂರಿಸುವುದು

ಎರಡು ಹಲಗೆಗಳು ಸೇರುವ ಜಾಗ ಪಕ್ಕಾಸಿನ ನಡುಮಧ್ಯಕ್ಕೇ ಬರಬೇಕು, ಎರಡು ಪಕ್ಕಾಸುಗಳ ನಡುವಿನ ಗಾಳಿಯಲ್ಲಿ ಅಲ್ಲ. ತುದಿಗಳನ್ನು ನೇರವಾಗಿ ಕೊಯ್ಯದೆ 45 ಡಿಗ್ರಿ ಓರೆಯಲ್ಲಿ ಕೊಯ್ದು ಒಂದರ ಮೇಲೊಂದು ಒರಗಿಸಿದರೆ ಮರ ಕುಗ್ಗಿದರೂ ಬಿರುಕು ನೇರವಾಗಿ ತೆರೆದುಕೊಳ್ಳುವುದಿಲ್ಲ. ಹೊಸದಾಗಿ ಕೊಯ್ದ ಪ್ರತಿ ತುದಿಗೂ ಅಲ್ಲೇ ಪ್ರೈಮರ್ ಹಚ್ಚಿ. ಪ್ರತಿ ಪಕ್ಕಾಸಿಗೆ ಎರಡೂವರೆ ಇಂಚಿನ ಎರಡು ಸ್ಕ್ರೂ, ಮೊದಲೇ ಸಣ್ಣ ತೂತು ಕೊರೆದು.

ಹಲಗೆಯ ಎತ್ತರದಲ್ಲಿ ತಪ್ಪಬಾರದು. ಕೊನೆಯ ಸಾಲಿನ ಹೆಂಚಿಗೆ ಕೆಳಗೆ ಆಧಾರವಾಗಿ ಇನ್ನೊಂದು ಹೆಂಚು ಇರುವುದಿಲ್ಲ. ಆ ದಪ್ಪವನ್ನು ಸೂರುಹಲಗೆಯ ಮೇಲಂಚು ಅಥವಾ ಜೋಡಿ ರೀಪು (ಹೆಂಚು ಕೂರುವ ಮರದ ಪಟ್ಟಿ) ತುಂಬಿಕೊಡುತ್ತದೆ. ಹೊಸ ಹಲಗೆ ಹಳೆಯದಕ್ಕಿಂತ ಅರ್ಧ ಇಂಚು ತಗ್ಗಿದರೂ ಹೆಂಚು ಮೂಗು ಕೆಳಗೆ ಮಾಡಿ ಕೂರುತ್ತದೆ, ಮೇಲಿನ ಸಾಲಿನೊಂದಿಗೆ ಸಂದು ಬಿಟ್ಟು ಗಾಳಿಮಳೆ ಒಳಗೆ ನುಗ್ಗುತ್ತದೆ. ಎತ್ತಿಟ್ಟ ಹಳೆಯ ತುಂಡು ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಲಗೆಯ ಮುಂಭಾಗದಲ್ಲಿ ಪಕ್ಕಾಸುಗಳಿರುವ ಜಾಗವನ್ನು ಪೆನ್ಸಿಲಿನಿಂದ ಗುರುತು ಮಾಡಿಡಿ. ಕೊಕ್ಕೆಗಳ ಸ್ಕ್ರೂ ಹಲಗೆ ದಾಟಿ ಪಕ್ಕಾಸನ್ನು ಹಿಡಿಯಬೇಕಾದದ್ದು ಅಲ್ಲಿಯೇ.

ಹಂತ 7: ಬದಿಯ ಹಲಗೆ ಮತ್ತು ಅಲಂಕಾರದ ಪಟ್ಟಿಗಳು

ಮಾಡಿನ ತ್ರಿಕೋನದ ಬದಿಗೆ ಹೊಡೆದ ಓರೆಹಲಗೆಗೂ ಇದೇ ವಿಧಾನ. ಹಳೆಯ ಮನೆಗಳ ಕೆತ್ತಿದ ಪಟ್ಟಿಗಳಲ್ಲಿ ಕೆಳಗಿನ ಮೊನೆಗಳೇ ಮೊದಲು ಕೊಳೆಯುತ್ತವೆ, ನೀರಿನ ಹನಿ ಅಲ್ಲಿ ತೂಗುತ್ತದೆ. ಗಟ್ಟಿಯಿರುವ ಒಂದು ಮೊನೆಯನ್ನು ರಟ್ಟಿನ ಮೇಲೆ ಇಟ್ಟು ಅಚ್ಚು ತೆಗೆದುಕೊಂಡು, ಕೆಟ್ಟಷ್ಟನ್ನು ಮಾತ್ರ ಹೊಸದಾಗಿ ಕೊಯ್ಸಿ. ಪಟ್ಟಿಯನ್ನು ಸೂರುಹಲಗೆಗೆ ಒತ್ತಿ ಹೊಡೆಯದೆ, ನಡುವೆ ವಾಷರಿನಷ್ಟು ಸಂದು ಬಿಟ್ಟರೆ ಹಿಂದೆ ನೀರು ನಿಲ್ಲುವುದಿಲ್ಲ.

ಹಂತ 8: ತಗಡಿನ ಪಟ್ಟಿ, ಆಮೇಲೆ ದೋಣಿ

ಕೊನೆಯ ಬಣ್ಣ ಒಣಗಿದ ಮೇಲೆ, ಹೆಂಚು ಹೊದಿಸುವ ಮೊದಲು, ಹಲಗೆಯ ಮೇಲಂಚಿನಿಂದ ಮುಂದಕ್ಕೆ ಮಡಿಚಿದ ಅಲ್ಯೂಮಿನಿಯಂ ತಗಡಿನ ಪಟ್ಟಿಯನ್ನು ಕೂರಿಸಿ. ಅದರ ಕೆಳತುದಿ ದೋಣಿಯ ಹಿಂದಿನ ಅಂಚಿನ ಒಳಗೆ ಇಳಿದಿರಬೇಕು. ಈ ಮೂರು ಇಂಚಿನ ತಗಡು ಇಲ್ಲದ ಕಾರಣಕ್ಕೇ ಹೆಂಚಿನಡಿಯಿಂದ ಹಿಮ್ಮುಖವಾಗಿ ಜಾರುವ ನೀರು ದೋಣಿಯ ಹಿಂದೆ ಇಳಿದು ಹಲಗೆಯನ್ನು ವರ್ಷಗಟ್ಟಲೆ ತೋಯಿಸುತ್ತದೆ.

ಹೆಂಚಿನ ತುದಿ ಹಲಗೆಯಿಂದ ಎರಡು ಇಂಚು ಮುಂದೆ ಬಂದು ದೋಣಿಯ ಒಳಗೆ ನೀರು ಬೀಳುವಂತಿರಲಿ. ದೋಣಿಗೆ ಹತ್ತು ಅಡಿಗೆ ಕಾಲು ಇಂಚಿನಿಂದ ಅರ್ಧ ಇಂಚು ಇಳಿಜಾರು ಕೊಡಿ. ಲೆವೆಲ್ ಪೈಪಿನಿಂದ ಎರಡೂ ತುದಿಯ ಮಟ್ಟ ಹಿಡಿದು, ಅಳತೆ ಇಳಿಸಿ, ದಾರ ಕಟ್ಟಿಯೇ ಕೊಕ್ಕೆ ಹೊಡೆಯಬೇಕು. ಮುಂದಿನ ಅಂಚು ಹಿಂದಿನದಕ್ಕಿಂತ ಅರ್ಧ ಇಂಚು ತಗ್ಗಿರಲಿ, ಉಕ್ಕಿದ ನೀರು ಅಂಗಳಕ್ಕೆ ಬೀಳಲಿ, ಹಲಗೆಗಲ್ಲ. ಕೊಕ್ಕೆಗಳ ನಡುವೆ ಎರಡು ಅಡಿಗಿಂತ ಹೆಚ್ಚು ಬೇಡ.

ಇಳಿಪೈಪಿನ ಅಳತೆಗೆ ಒಂದು ಲೆಕ್ಕ: ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ಐವತ್ತು ಚದರ ಮೀಟರಿನ ಮಾಡಿಗೆ ಗಂಟೆಗೆ 60 ಮಿ.ಮೀ. ವೇಗದಲ್ಲಿ ಮಳೆ ಸುರಿದರೆ ನಿಮಿಷಕ್ಕೆ 50 ಲೀಟರ್ ನೀರು ದೋಣಿಗೆ ಬರುತ್ತದೆ. ಅಷ್ಟು ಮಾಡಿಗೆ ನಾಲ್ಕು ಇಂಚಿನ ಒಂದು ಪೈಪು ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಮೂರು ಇಂಚಿನದು ಎಲೆ ಸಿಕ್ಕಿದ ಕೂಡಲೇ ಕಟ್ಟಿಕೊಳ್ಳುತ್ತದೆ.

ಹಂತ 9: ನೀರು ಬಿಟ್ಟು ನೋಡುವುದು

ಸಾರುವೆ ಬಿಚ್ಚುವ ಮೊದಲು ತೋಟದ ಪೈಪಿನಿಂದ ಹೆಂಚಿನ ಮೇಲೆ ಹತ್ತು ನಿಮಿಷ ನೀರು ಬಿಡಿ. ನೀರನ್ನು ದೋಣಿಗೆ ನೇರವಾಗಿ ಬಿಟ್ಟರೆ ಪರೀಕ್ಷೆಯಾಗುವುದಿಲ್ಲ. ಅದು ಹೆಂಚಿನ ಮೇಲಿಂದಲೇ ಹರಿದು ಬರಬೇಕು. ಒಬ್ಬರು ಕೆಳಗೆ ನಿಂತು ಟಾರ್ಚ್ ಹಿಡಿದು ಹಲಗೆಯ ಕೆಳಂಚನ್ನು ನೋಡಲಿ. ಅಲ್ಲಿ ಹನಿ ಕಂಡರೆ ಆ ಜಾಗದ ಎರಡು ಕೊಕ್ಕೆ ಸಡಿಲಿಸಿ, ತಗಡಿನ ತುದಿಯನ್ನು ದೋಣಿಯ ಒಳಕ್ಕೆ ತಳ್ಳಿ ಮತ್ತೆ ಬಿಗಿಯಿರಿ. ನೀರು ನಿಲ್ಲಿಸಿದ ಐದು ನಿಮಿಷದ ಮೇಲೂ ದೋಣಿಯಲ್ಲಿ ಕೆರೆಯಂತೆ ನಿಂತರೆ ಇಳಿಜಾರು ತಪ್ಪಿದೆ.

ಜೂನ್ ತಿಂಗಳ ಮೊದಲ ದೊಡ್ಡ ಮಳೆಯಲ್ಲಿ ಗಾಳಿ ಬೀಸುತ್ತಿರುವಾಗಲೇ ಕೊಡೆ ಹಿಡಿದು ಮತ್ತೊಮ್ಮೆ ಹೊರಗೆ ಹೋಗಿ ನೋಡಿ. ಪೈಪಿನ ನೀರು ಓರೆಯಾಗಿ ಹೊಡೆಯುವುದಿಲ್ಲ. ನೈಋತ್ಯ ಮೂಲೆಯ ಹಲಗೆಯ ಕೆಳಂಚಿಗೆ ಬೆರಳು ಸವರಿದಾಗ ಅದು ಒಣಗಿದ್ದರೆ ಕೆಲಸ ಸರಿಯಾಗಿ ಮುಗಿದಿದೆ. ಒದ್ದೆಯಾಗಿದ್ದರೆ ಆ ಜಾಗಕ್ಕೆ ಗುರುತು ಹಾಕಿಟ್ಟು, ಮಳೆ ಬಿಡುವು ಕೊಟ್ಟ ಮೊದಲ ದಿನವೇ ಅಲ್ಲಿನ ಹೆಂಚನ್ನೂ ತಗಡನ್ನೂ ಎತ್ತಿ ನೋಡಬೇಕು.